ಐದನೇ ಸಲ ನೋಡಿದ ಪಾರಿಜಾತ

ಸುಗ್ಗಿ ಮುಗಿದ ಮೇಲೆ ಇಲ್ಲಿಯವರೆಗೆ ಒಂದೇ ಮೇಳದ ಶ್ರೀಕೃಷ್ಣ ಪಾರಿಜಾತ ಬಯಲಾಟವನ್ನು ಐದು ಸಲ ನೋಡಿದ್ದೇನೆ. ನಾಲ್ಕು ಸಲ ಜಾತ್ರೆಗಳಲ್ಲಿ, ಬಯಲಲ್ಲಿ ಕೂತು, ರಾತ್ರಿ ಹತ್ತರಿಂದ ಬೆಳಗಿನ ತನಕ. ಒಂದು ಸಲ ಬೆಳಗಾವಿಯ ಕುಮಾರ ಗಂಧರ್ವ ರಂಗಮಂದಿರದಲ್ಲಿ, ಎರಡೂವರೆ ತಾಸು. ಗೋಕಾಕದಲ್ಲಿ ನನ್ನದು ಕುಬಸ ಹೊಲಿಯುವ ಅಂಗಡಿ. ಮದುವೆ ಸೀಜನ್ನಿನಲ್ಲಿ ಅಂಗಡಿ ಮುಚ್ಚಿ ಹೋಗ್ತೀರಲ್ಲ, ಅಂಥದ್ದೇನಿದೆ ಅದರಲ್ಲಿ ಅಂತ ಗಿರಾಕಿಗಳು ಕೇಳುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಪಾರಿಜಾತ ನಮ್ಮ ಸೀಮೆಯದೇ ಆಟ. ಅಪರಾಳ ತಮ್ಮಣ್ಣ ಬರೆದದ್ದನ್ನು ಕುಲಗೋಡ ತಮ್ಮಣ್ಣ ಆಟಕ್ಕೆ ಹೊಂದಿಸಿದ. ಕುಲಗೋಡ ನಮ್ಮಿಂದ ದೂರವೇನಿಲ್ಲ. ಕೌಜಲಗಿ ನಿಂಗಮ್ಮ ಇದನ್ನೇ ಆಡಿ ದೊಡ್ಡ ಹೆಸರು ಮಾಡಿದವರು. ನಮ್ಮ ಅತ್ತೆಯ ಮುಂದೆ ಆಟದ ಮಾತು ತೆಗೆದರೆ ನಿಂಗಮ್ಮನ ಹೆಸರು ಬಾರದೆ ಮುಗಿಯುವುದೇ ಇಲ್ಲ. ಕಥೆ ಎಲ್ಲರಿಗೂ ಗೊತ್ತಿರುವುದೇ. ನಾರದ ತಂದ ಪಾರಿಜಾತದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಡುತ್ತಾನೆ. ಸತ್ಯಭಾಮೆ ಮುನಿಸಿಕೊಳ್ಳುತ್ತಾಳೆ. ಇಷ್ಟಕ್ಕೇ ಒಂದು ಇಡೀ ರಾತ್ರಿ.

ನಾನು ನೋಡಿದ ಮೇಳ ಮುಧೋಳ ಕಡೆಯದು. ಹಳೆಯ ಭಾಗವತರು ತೀರಿಕೊಂಡ ಮೇಲೆ ಬಹಳ ವರ್ಷ ಆಟ ನಿಂತಿತ್ತಂತೆ. ಈಗ ಅವರ ಮಗ, ಅಪ್ಪ ಬರೆದಿಟ್ಟ ನೋಟ್‌ಬುಕ್ ಹಿಡಿದುಕೊಂಡು, ಹತ್ತು ಹನ್ನೆರಡು ಮಂದಿ ಹುಡುಗ ಹುಡುಗಿಯರನ್ನು ಕೂಡಿಸಿ ಮತ್ತೆ ಕಟ್ಟಿದ್ದಾರೆ. ಹಾರ್ಮೋನಿಯಂ, ತಬಲಾ, ತಾಳ. ಮತ್ತೇನಿಲ್ಲ. ತಬಲಾ ಬಾರಿಸುವ ಹುಡುಗನಿಗೆ ಇನ್ನೂ ಮೀಸೆ ಸರಿಯಾಗಿ ಬಂದಿಲ್ಲ, ಆದರೆ ನಸುಕಿನಲ್ಲೂ ಅವನ ಲಯ ಒಂದು ಕೂದಲಿನಷ್ಟೂ ಜಾರುವುದಿಲ್ಲ.

ರಂಗಮಂದಿರದ ಆಟದ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಗವಾಯಿಯ ಹೆಸರಿನ ಜಾಗ ಅದು. ಹಾಡು ಸ್ವಚ್ಛವಾಗಿ ಕೇಳಿಸಿತು. ಜಾತ್ರೆಯಲ್ಲಿ ಪೀಪಿ, ತೊಟ್ಟಿಲ ಗದ್ದಲದಲ್ಲಿ ತಪ್ಪಿಹೋಗಿದ್ದ ಎಷ್ಟೋ ಮಾತು ಅಲ್ಲಿ ಮೊದಲ ಸಲ ತಿಳಿದವು. ಆದರೆ ಹೊತ್ತು ಸಾಲದು ಅಂತ ಗೊಲ್ಲತಿಯ ಭಾಗ ಪೂರ್ತಿ ಬಿಟ್ಟಿದ್ದರು. ದೂತಿಯ ಮಾತು ಅರ್ಧಕ್ಕರ್ಧ ಹೋಗಿತ್ತು. ಭಾಗವತರು ಕತ್ತಲೆಯ ಕಡೆ ನೋಡಿ ಕೇಳುತ್ತಿದ್ದರು, ಎದುರು ಮಾತು ಕೊಡುವವರು ಯಾರೂ ಇರಲಿಲ್ಲ. ನನಗೆ ಅದು ಸಾಲಲಿಲ್ಲ. ಆದರೂ ರಾತ್ರಿಯಿಡೀ ಕೂರೋಕೆ ಒಲ್ಲೆ ಅನ್ನುತ್ತಿದ್ದ ನನ್ನ ಮಗಳು ಅಲ್ಲಿ ನೋಡಿದ ಮೇಲೆ, ಮುಂದಿನ ಜಾತ್ರೆಗೆ ನಾನೂ ಬರ್ತೀನಿ ಅಂದಳು. ಹೊಸಬರು ಬೇಕಾದರೆ ಅಲ್ಲಿಂದ ಶುರು ಮಾಡಿ. ಅಲ್ಲಿಗೇ ನಿಲ್ಲಿಸಬೇಡಿ.

ಬಯಲಲ್ಲಿ ಈ ಆಟ ಬೇರೆಯೇ. ಪಾತ್ರ ಬಂದ ಕೂಡಲೇ ಭಾಗವತರು ಅಡ್ಡ ನಿಲ್ಲಿಸಿ ಕೇಳುತ್ತಾರೆ, ಯಾರು ನೀವು, ಎಲ್ಲಿಂದ ಬಂದಿರಿ, ಬಂದ ಕಾರಣ ಏನು. ಆ ಪ್ರಶ್ನೆಗೆ ಕಟ್ಟಿಟ್ಟ ಉತ್ತರ ಅಂತ ಇಲ್ಲ. ಮಳೆ ಬಂದ ಊರಲ್ಲಿ ಮಳೆಯ ಮಾತು, ಕಬ್ಬಿನ ಬಿಲ್ ಬಾಕಿ ಇದ್ದ ಊರಲ್ಲಿ ಬಿಲ್ಲಿನ ಮಾತು. ದೂತಿ ಆಡುವ ಹುಡುಗ ನಾಲ್ಕು ಊರಲ್ಲಿ ನಾಲ್ಕು ಥರ ಉತ್ತರ ಕೊಟ್ಟದ್ದನ್ನು ನಾನೇ ಕೇಳಿದ್ದೇನೆ. ಕೊರವಂಜಿ ವೇಷದ ಕೃಷ್ಣ ಒಂದು ರಾತ್ರಿ ಬುಟ್ಟಿ ಹೊತ್ತು ಹೆಂಗಸರ ಸಾಲಿಗೆ ಇಳಿದು ಬಂದ. ನನ್ನ ಕೈ ಹಿಡಿದು, ಬೆರಳ ತುದಿ ಒತ್ತಿ ನೋಡಿ, "ನಿನ್ನ ಕೈಯಾಗ ಸೂಜಿ ಬರದ ಗೆರಿ ಐತೆವ್ವಾ, ಇದನ್ನ ಬ್ರಹ್ಮ ಬರದದ್ದಲ್ಲ" ಅಂದ. ನಾನು ಹೊಲಿಯುವವಳು ಅಂತ ಅವನಿಗೆ ಯಾರೂ ಹೇಳಿರಲಿಲ್ಲ.

ಐದನೇ ಸಲ ಅತ್ತೆಯನ್ನೂ ಕರೆದುಕೊಂಡು ಹೋಗಿದ್ದೆ. ರಾತ್ರಿ ಮೂರು ಗಂಟೆ ಇರಬಹುದು. ಹೂವು ರುಕ್ಮಿಣಿಗೆ ಹೋಯಿತು ಅನ್ನುವ ಸುದ್ದಿ ಭಾಮೆಗೆ ಮುಟ್ಟುವ ಹೊತ್ತು. ಭಾಮೆ ಅಳುವುದಿಲ್ಲ. ಮೊದಲು ಡಾಬು ಬಿಚ್ಚುತ್ತಾಳೆ. ಆಮೇಲೆ ಬಳೆ, ಒಂದೊಂದೇ. ಕೊನೆಗೆ ಮುಡಿಯಲ್ಲಿದ್ದ ಮಲ್ಲಿಗೆ ತೆಗೆದು ದೂತಿಯ ಉಡಿಗೆ ಹಾಕುತ್ತಾಳೆ. ಅಲ್ಲಿಯವರೆಗೆ ಹಾರ್ಮೋನಿಯಂ ಒಂದೇ ಸ್ವರ ಹಿಡಿದುಕೊಂಡಿರುತ್ತದೆ. ಆಮೇಲೆ ಹಾಡು. ಆ ಹಾಡಿನ ನಡುವೆ ಅವಳ ದನಿ ಒಂದು ಕ್ಷಣ ನಿಂತಿತು. ಆಗ ನನ್ನ ಪಕ್ಕದಿಂದ ಅತ್ತೆ ಜೋರಾಗಿ, "ಅಳಬ್ಯಾಡವ್ವಾ ಮಗಳ, ಬರ್ತಾನ ಅಂವ" ಅಂದುಬಿಟ್ಟರು.

ಮಂದಿ ನಕ್ಕರು. ಭಾಗವತರು ನಗಲಿಲ್ಲ. ತಾಳ ನಿಲ್ಲಿಸಿ, "ಕೇಳಿದ್ರೇನು ಭಾಮಾದೇವಿ? ನಿಮ್ಮ ತವರಮನಿಯವರು ಬಂದಾರ ನೋಡ್ರಿ" ಅಂದರು. ಭಾಮೆ ನಿಧಾನ ತಿರುಗಿ ನಮ್ಮ ಕಡೆ ನೋಡಿದಳು. "ತವರಿಗೂ ಮುಟ್ಟಿತೇನು ಈ ಸುದ್ದಿ?" ಅಂದಳು. ಅಷ್ಟೇ. ಇಡೀ ಬಯಲು ಗಪ್ಪಾಯಿತು. ಅದೇ ಹಾಡನ್ನು ಮತ್ತೆ ಮೊದಲಿನಿಂದ, ಇನ್ನೂ ನಿಧಾನಕ್ಕೆ, ಅತ್ತೆಯ ಕಡೆ ಮುಖ ಮಾಡಿ ಹಾಡಿದಳು. ಹಾಡು ಮುಗಿಯುವ ತನಕ ಅತ್ತೆ ನನ್ನ ಮೊಣಕೈ ಹಿಡಿದ ಕೈ ಬಿಡಲಿಲ್ಲ. ನೋಟ್‌ಬುಕ್ಕಿನಲ್ಲಿ ಇದು ಎಲ್ಲಿ ಬರೆದಿರುತ್ತದೆ ಹೇಳಿ?

ಒಂದು ಮಾತು ಮೇಳದವರಿಗೂ ಹೇಳಬೇಕು. ಆಯೇರಿ, ಅಂದರೆ ಕಾಣಿಕೆ ಕೊಟ್ಟವರ ಹೆಸರು, ಕೂಗುವುದನ್ನು ಹಾಡಿನ ನಡುವೆ ಮಾಡಬೇಡಿ. ಎರಡನೇ ಸಲ ನೋಡಿದಾಗ ಭಾಮೆಯ ಇದೇ ಹಾಡಿಗೆ ಯಾರೋ ಮೈಕ್ ಹಿಡಿದು ಐದುನೂರು ರೂಪಾಯಿಯ ಹೆಸರು ಓದಿದರು. ಕೊಟ್ಟವರ ಹೆಸರು ಹೇಳಲೇಬೇಕು, ಅದು ಸರಿ, ಹಾಡು ಮುಗಿದ ಮೇಲೆ ಹೇಳಿದರೆ ಅವರಿಗೂ ಮರ್ಯಾದೆ ಅಲ್ವಾ?

ಹೋಗುವವರು ಚಾದರ ಒಯ್ಯಿರಿ, ನಸುಕಿಗೆ ಚಳಿ ಜಾಸ್ತಿ. ಹಾರ್ಮೋನಿಯಂ ಇರುವ ಕಡೆ ಕೂತರೆ ಭಾಗವತರ ಮುಖ ಚೆನ್ನಾಗಿ ಕಾಣುತ್ತದೆ.

ಭಾಮೆ ಉಡುವುದು ಇಳಕಲ್ ಸೀರೆ, ತೊಡುವುದು ಗುಳೇದಗುಡ್ಡ ಖಣದ ಕುಬಸ. ಹಳೆಯ ಖಣ, ಬಣ್ಣ ಇನ್ನೂ ಗಟ್ಟಿ. ಆದರೆ ಬಲಗೈ ಎತ್ತಿ ಹಾಡುವಾಗ ಕಂಕುಳಲ್ಲಿ ಹರಿದದ್ದು ಕಾಣುತ್ತದೆ. ಪಿನ್ನು ಹಾಕಿಕೊಂಡಿರುತ್ತಾಳೆ. ಆ ಪಿನ್ನಿಗೆ ಹೆದರಿ ಅವಳು ಕೈಯನ್ನು ಪೂರ್ತಿ ಎತ್ತುವುದಿಲ್ಲ ಅಂತ ಮೂರನೇ ಸಲಕ್ಕೆ ನನಗೆ ತಿಳಿದಿತ್ತು. ಈ ಸಲ ಮಂಗಳ ಮುಗಿದ ಮೇಲೆ ಸ್ಟೇಜಿನ ಹಿಂದೆ ಹೋಗಿ ಅಳತೆ ತೆಗೆದುಕೊಂಡು ಬಂದೆ. ಬಣ್ಣ ಒರೆಸಿಕೊಳ್ಳುತ್ತಾ, ಅಜ್ಜಿ ಎಲ್ಲಿ ಅಂತ ಕೇಳಿದಳು. ಕುಬಸ ನಿನ್ನೆ ಮುಗಿಯಿತು. ಕಂಕುಳಿಗೆ ಒಂದು ಚೌಕ ತುಂಡು ಜಾಸ್ತಿ ಕೂಡಿಸಿದ್ದೇನೆ, ಕೈ ಎಷ್ಟು ಬೇಕಾದರೂ ಎತ್ತಲಿ.