ರಿಯಾಕ್ಟ್ ಕಲಿಯೋದಾ, ವ್ಯೂ ಕಲಿಯೋದಾ?

ಎರಡೂ ವೆಬ್ ಪುಟಗಳನ್ನು ಕಟ್ಟಲು ಬಳಸುವ ಜಾವಾಸ್ಕ್ರಿಪ್ಟ್ ಸಲಕರಣೆಗಳು. ಎಚ್‌ಟಿಎಂಎಲ್ ಚೆನ್ನಾಗಿ ಬರುತ್ತಿದ್ದರೆ ವ್ಯೂ ಬೇಗ ಕೈಗೆ ಹತ್ತುತ್ತದೆ. ಒಂದೇ ಫೈಲಿನಲ್ಲಿ ಟೆಂಪ್ಲೇಟ್, ಸ್ಕ್ರಿಪ್ಟ್, ಸ್ಟೈಲ್ ಬೇರೆ ಬೇರೆಯಾಗಿ ಕೂತಿರುತ್ತವೆ. ಪುಟಗಳ ನಡುವೆ ಓಡಾಡಲು ವ್ಯೂ ರೂಟರ್, ಡೇಟಾ ಇಟ್ಟುಕೊಳ್ಳಲು ಪಿನಿಯಾ. ಎರಡನ್ನೂ ವ್ಯೂ ತಂಡದವರೇ ನೋಡಿಕೊಳ್ಳುತ್ತಾರೆ. ರಿಯಾಕ್ಟ್‌ನಲ್ಲಿ ಇಂಥವನ್ನು ನೀವೇ ಹುಡುಕಿ ಆರಿಸಬೇಕು. ಹೊಸಬರಿಗೆ ಇದೇ ತಲೆಬಿಸಿ ಜಾಸ್ತಿ. ಜಾವಾಸ್ಕ್ರಿಪ್ಟ್ ಒಳಗೇ ಎಚ್‌ಟಿಎಂಎಲ್ ತರಹ ಬರೆಯುವ ಜೆಎಸ್‌ಎಕ್ಸ್‌ಗೂ ಸ್ವಲ್ಪ ದಿನ ಒಗ್ಗಿಕೊಳ್ಳಬೇಕು.

ಬಳಸುವವರ ಬಳಗದ ಮಾತಿಗೆ ಬಂದರೆ ರಿಯಾಕ್ಟ್ ಮುಂದು. 2013ರಲ್ಲಿ ಫೇಸ್‌ಬುಕ್ ಅದನ್ನು ಎಲ್ಲರಿಗೂ ತೆರೆದಿಟ್ಟಿತು. ಎಲ್ಲಾದರೂ ಸಿಕ್ಕಿಕೊಂಡರೆ ನಿಮಗಿಂತ ಮೊದಲೇ ಯಾರೋ ಅದೇ ಪ್ರಶ್ನೆ ಕೇಳಿರುತ್ತಾರೆ. 2014ರಲ್ಲಿ ಇವಾನ್ ಯೂ ಹೊರತಂದ ವ್ಯೂ ಬಳಗ ಚಿಕ್ಕದು, ಆದರೆ ಅದರ ಕೈಪಿಡಿ ನನಗೆ ತುಂಬಾ ಇಷ್ಟ.

ಅಡೋಬಿ ಕಂಪನಿ ಕೈಬಿಟ್ಟಿದ್ದಕ್ಕೆ ಫ್ಲ್ಯಾಶ್ 2020ರ ಕೊನೆಗೆ ನಿಂತೇ ಹೋಯಿತು, ನೆನಪಿದೆ ಅಲ್ವಾ? ರಿಯಾಕ್ಟ್, ವ್ಯೂ ಹಾಗಲ್ಲ. ಎರಡೂ ಎಂಐಟಿ ಪರವಾನಗಿಯವು, ಅಂದರೆ ಯಾರು ಬೇಕಾದರೂ ಕೋಡ್ ಬಳಸಬಹುದು, ಬದಲಿಸಬಹುದು. ಮಾಡಿದವರು ಕೈಬಿಟ್ಟರೂ ಕೋಡ್ ನಮ್ಮ ಕೈಯಲ್ಲೇ ಉಳಿಯುತ್ತದೆ. ಕೆಲಸ ಹುಡುಕುತ್ತಿದ್ದರೆ ರಿಯಾಕ್ಟ್ ಹಿಡಿಯಿರಿ. ಒಬ್ಬರೇ ಕೂತು ಏನಾದರೂ ಕಟ್ಟುತ್ತಿದ್ದರೆ ನನ್ನ ಓಟು ವ್ಯೂಗೆ.