ಹಳೆ ಪೆಟ್ಟಿನ ಮೊಣಕಾಲಿಗೆ ಕೊಟ್ಟಂಚುಕ್ಕಾದಿ ತೈಲ: ಆರು ವರ್ಷ ಹಚ್ಚಿದ ಮೇಲೆ

ಬೆಳಿಗ್ಗೆ ಹಾಸಿಗೆಯಿಂದ ಎದ್ದು ಅಡುಗೆಮನೆಗೆ ಹೋಗುವಾಗ ಗೋಡೆ ಹಿಡಿಯಬೇಕಾ, ಬೇಡವಾ? ನನ್ನ ಅಳತೆ ಇದೊಂದೇ. 2018ರ ಮಳೆಗಾಲದಲ್ಲಿ ದಿನವೂ ಗೋಡೆ ಹಿಡಿದೇ ಹೋಗುತ್ತಿದ್ದೆ. ಸುಣ್ಣದ ಮೇಲೆ ನನ್ನ ಅಂಗೈ ತಾಗಿದ ಜಾಗ ಸಾಲಾಗಿ ಕಪ್ಪಾಗಿತ್ತು. ಈಗ ವಾರದಲ್ಲಿ ಐದು ದಿನ ಹಿಡಿಯದೆ ಹೋಗುತ್ತೇನೆ. ಇದರಲ್ಲಿ ಎಣ್ಣೆಯ ಪಾಲೆಷ್ಟು, ಬೇರೆಯದರ ಪಾಲೆಷ್ಟು ಅಂತ ತುಂಬ ಜನ ಕೇಳುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಕಟಪಾಡಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡವಳು. ವಯಸ್ಸು 54. ಬಿದ್ದದ್ದು 2007ರ ಜೂನ್‌ನಲ್ಲಿ. ಬಾವಿಕಟ್ಟೆಯ ಕೆಂಪುಕಲ್ಲಿನ ಮೆಟ್ಟಿಲಿಗೆ ಪಾಚಿ ಹಿಡಿದಿತ್ತು. ಸೊಂಟದಲ್ಲಿ ತುಂಬಿದ ಕೊಡ. ಪಾದ ಅಲ್ಲೇ ಸಿಕ್ಕಿಕೊಂಡು ಬಲ ಮೊಣಕಾಲು ತಿರುಚಿತು. ಒಳಗೆ ಎರಡು ಮೂಳೆಗಳ ನಡುವೆ ಮೆತ್ತೆಯ ಹಾಗಿರುವ ಮೆನಿಸ್ಕಸ್ ಹರಿದಿತ್ತು. ಆರು ವಾರ ಪಟ್ಟಿ ಕಟ್ಟಿಕೊಂಡು ಕೂತೆ. ಊತ ಇಳಿಯಿತು, ವಾಸಿಯಾಯಿತು ಅಂದುಕೊಂಡು ಮತ್ತೆ ಮಷೀನು ತುಳಿಯಲು ಶುರುಮಾಡಿದೆ.

ಎಂಟು ವರ್ಷದ ಮೇಲೆ ಅದೇ ಕಾಲು ಮಾತಾಡತೊಡಗಿತು. ಮೊದಲು ಮೆಟ್ಟಿಲು ಇಳಿಯುವಾಗ ಮಾತ್ರ. ಆಮೇಲೆ ಕೂತು ಏಳುವಾಗ. ಆಮೇಲೆ ಸುಮ್ನೆ ಮಲಗಿದರೂ ನೋವು. 2018ರಲ್ಲಿ ಎಕ್ಸ್‌ರೇ ತೆಗೆಸಿದಾಗ ಮೊಣಕಾಲಿನ ಒಳಬದಿಯ ಸಂದು ಕಿರಿದಾಗಿತ್ತು. ಪೆಟ್ಟಿನಿಂದ ಬಂದ ಸಂಧಿವಾತ ಇದು, ವಯಸ್ಸಿಗೆ ಬರುವುದಕ್ಕಿಂತ ಮೊದಲೇ ಬರುತ್ತದೆ ಅಂದರು ಡಾಕ್ಟರು. ಮೂಳೆಯ ತುದಿಯಲ್ಲಿರುವ ನುಣುಪಾದ ಪದರಕ್ಕೆ ರಕ್ತನಾಳವೇ ಇಲ್ಲವಂತೆ. ಹಾಗಾಗಿ ಚರ್ಮದ ಗಾಯ ಕೂಡಿಕೊಂಡ ಹಾಗೆ ಅದು ಕೂಡಿಕೊಳ್ಳುವುದಿಲ್ಲ. ಈ ಒಂದು ವಿಷಯ ಮೊದಲೇ ಗೊತ್ತಿದ್ದರೆ ನಾನು ಎರಡು ವರ್ಷ ಮತ್ತು ಬೇಕಾದಷ್ಟು ದುಡ್ಡು ಉಳಿಸಿಕೊಳ್ಳುತ್ತಿದ್ದೆ.

ಹೌದು, ಪುಡಿಯ ಕಥೆ ಮೊದಲು ಹೇಳಬೇಕು. 2016ರಲ್ಲಿ ಪರಿಚಯದವರೊಬ್ಬರು ಒಂದು ಗಂಟುನೋವಿನ ಪುಡಿ ತಂದುಕೊಟ್ಟರು. ಬರೀ ಪ್ಲಾಸ್ಟಿಕ್ ಕವರು. ಹೆಸರಿಲ್ಲ, ಏನು ಹಾಕಿದ್ದಾರೆ ಅಂತ ಇಲ್ಲ, ಲೈಸೆನ್ಸ್ ನಂಬರ್ ಇಲ್ಲ. ಪೂರ್ತಿ ಗಿಡಮೂಲಿಕೆ, ಏನೂ ಅಡ್ಡಪರಿಣಾಮ ಇಲ್ಲ ಅಂದರು. ಎರಡೇ ದಿನದಲ್ಲಿ ನೋವು ಮಾಯ! ನಾನು ದೇವರಿಗೆ ಕೈಮುಗಿದೆ. ಮೂರು ತಿಂಗಳು ತಿಂದೆ. ಮುಖ ದುಂಡಗಾಯಿತು. ನಾನೇ ಹೊಲಿದುಕೊಂಡ ರವಿಕೆ ಹೊಟ್ಟೆಯ ಹತ್ತಿರ ಹಿಡಿಯತೊಡಗಿತು. ಸಕ್ಕರೆ ಕಾಯಿಲೆ ಇಲ್ಲದವಳಿಗೆ ಸಕ್ಕರೆ ಏರಿತು. ನಮ್ಮ ಮನೆ ಡಾಕ್ಟರು ಮುಖ ನೋಡಿದ ಕೂಡಲೇ ಕೇಳಿದ್ದು, "ಯಾವ ಪುಡಿ ತಿಂತಿದ್ದೀರಿ ಅಮ್ಮ?" ಅಂತ. ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸುವುದುಂಟು ಅಂದರು. ನಾನು ಲ್ಯಾಬಿಗೆ ಕೊಡಲಿಲ್ಲ, ಹಾಗಾಗಿ ಅದರಲ್ಲಿ ಇತ್ತು ಅಂತ ಖಡಾಖಂಡಿತ ಹೇಳಲಾರೆ. ಒಮ್ಮೆಲೇ ಬಿಡಬೇಡಿ, ಅದೂ ಅಪಾಯ, ನಾನು ಹೇಳಿದ ಹಾಗೆ ಇಳಿಸುತ್ತಾ ಬನ್ನಿ ಅಂದರು. ಸಕ್ಕರೆ ಸರಿಹೋಗಲು ಐದು ತಿಂಗಳು ಹಿಡಿಯಿತು. ಎರಡು ದಿನದಲ್ಲಿ ಕೆಲಸ ಮಾಡುವ "ನಾಟಿ ಮದ್ದು" ಸಿಕ್ಕಿದರೆ ದಯವಿಟ್ಟು ಹೆದರಿ. ಗಿಡಮೂಲಿಕೆ ಅಷ್ಟು ಬೇಗ ಕೆಲಸ ಮಾಡಿದ್ದನ್ನು ನಾನಂತೂ ಕಂಡಿಲ್ಲ.

ಇನ್ನು ಎಣ್ಣೆಯ ವಿಷಯ. 2019ರಲ್ಲಿ ಕುತ್ಪಾಡಿಯ ಆಯುರ್ವೇದ ಆಸ್ಪತ್ರೆಗೆ ಹೋದೆ. ಅಲ್ಲಿ ಉದ್ದಿನ ಹಿಟ್ಟನ್ನು ಗಟ್ಟಿ ಕಲಸಿ ಮೊಣಕಾಲಿನ ಸುತ್ತ ಕಟ್ಟೆ ಕಟ್ಟಿ, ಒಳಗೆ ಬಿಸಿ ಎಣ್ಣೆ ನಿಲ್ಲಿಸಿದರು. ಜಾನುಬಸ್ತಿ ಅನ್ನುತ್ತಾರೆ. ಏಳು ದಿನ ಹಾಯಾಗಿತ್ತು. ಆದರೆ ಅಂಗಡಿ ಬಿಟ್ಟು ದಿನಾ ಹೋಗಲು ಆಗುತ್ತದಾ? ಮನೆಯಲ್ಲಿ ಹಚ್ಚಲು ಬರೆದುಕೊಟ್ಟದ್ದು ಕೊಟ್ಟಂಚುಕ್ಕಾದಿ ತೈಲ. ಕೇರಳದ ಕಡೆಯ ಹಳೆಯ ಮದ್ದಿನ ಮಿಶ್ರಣ ಇದು, ಬೇರೆ ಬೇರೆ ಕಂಪೆನಿಗಳು ಮಾಡುತ್ತವೆ. ಕೊಟ್ಟಂ ಅಂದರೆ ಕೋಷ್ಠ, ಚುಕ್ಕು ಅಂದರೆ ಒಣಶುಂಠಿ. ಜೊತೆಗೆ ಬಜೆ, ನುಗ್ಗೆ, ಬೆಳ್ಳುಳ್ಳಿ, ಸಾಸಿವೆ, ದೇವದಾರು. ಇವನ್ನೆಲ್ಲ ಹುಣಸೆ ರಸ, ಮೊಸರು, ಎಳ್ಳೆಣ್ಣೆಯಲ್ಲಿ ಕಾಯಿಸುತ್ತಾರೆ. ಮುಚ್ಚಳ ತೆಗೆದರೆ ಮೊದಲು ಬೆಳ್ಳುಳ್ಳಿ ವಾಸನೆ, ಹಿಂದಿನಿಂದ ಒಂದು ಹುಳಿ ವಾಸನೆ. ಮನೆಯವರಿಗೆ ಅಭ್ಯಾಸವಾಗಲು ಒಂದು ತಿಂಗಳು ಬೇಕು.

ನಾನು ಬಳಸುವ ಕ್ರಮ ಹೀಗೆ. ಚಿಕ್ಕ ಸ್ಟೀಲ್ ಬಟ್ಟಲಿಗೆ ಒಂದು ಚಮಚ ಎಣ್ಣೆ ಹಾಕಿ, ಆ ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿ ಇಡುತ್ತೇನೆ. ನೇರ ಒಲೆಯ ಮೇಲೆ ಇಡಬೇಡಿ, ಚರ್ಮ ಸುಡುತ್ತದೆ. ಮಂಡಿಚಿಪ್ಪಿನ ಮೇಲೆ ಒತ್ತುವುದಿಲ್ಲ. ಅದರ ಸುತ್ತ, ಮತ್ತೆ ತೊಡೆಯ ಕೆಳಭಾಗದಲ್ಲಿ ಹತ್ತು ನಿಮಿಷ ನಿಧಾನಕ್ಕೆ ತಿಕ್ಕುತ್ತೇನೆ. ದಿನಕ್ಕೊಂದು ಚಮಚದಂತೆ 200 ಮಿ.ಲೀ. ಬಾಟಲಿ ಸುಮಾರು 40 ದಿನ ಬರುತ್ತದೆ. ಸಾಸಿವೆ, ಬೆಳ್ಳುಳ್ಳಿ ಇರುವುದರಿಂದ ಕೆಲವರಿಗೆ ತುರಿಕೆ ಬರಬಹುದು, ಮೊದಲು ಮುಂಗೈಗೆ ಸ್ವಲ್ಪ ಹಚ್ಚಿ ಒಂದು ದಿನ ನೋಡಿ. ಬಟ್ಟೆಗೆ ತಾಗಿದರೆ ಕಲೆ ಹೋಗುವುದಿಲ್ಲ. ಒಂದು ಸಲ ಹಚ್ಚಿದ ಕೈಯನ್ನು ಸರಿಯಾಗಿ ತೊಳೆಯದೆ ಮದುಮಗಳ ರೇಷ್ಮೆ ರವಿಕೆ ಕಣ ಮುಟ್ಟಿಬಿಟ್ಟೆ. ಬೆರಳಿನ ಅಚ್ಚು ಹಾಗೇ ಕೂತಿತು. ಹೊಸ ಬಟ್ಟೆ ತಂದು ಹೊಲಿದುಕೊಟ್ಟೆ. ಅಂದಿನಿಂದ ರಾತ್ರಿ ಮಾತ್ರ ಹಚ್ಚುತ್ತೇನೆ.

ಎಣ್ಣೆಗಿಂತ ಜಾಸ್ತಿ ಹಿತ ಕೊಟ್ಟದ್ದು ಅತ್ತೆ ಕಲಿಸಿದ ಕಾವು. "ಬರೀ ಎಣ್ಣೆ ತಿಕ್ಕಿದ್ರೆ ಆಗ್ಲಿಕ್ಕಿಲ್ಲ ಮಗಾ, ಮೇಲಿಂದ ಕಾವು ಕೊಡ್ಬೇಕು" ಅಂತ ಅವರೇ ಬೇಲಿಯಿಂದ ಲಕ್ಕಿ ಸೊಪ್ಪು ಮುರಿದು ತಂದರು. ತುಳುವಿನಲ್ಲಿ ನೆಕ್ಕಿ ಅನ್ನುವುದು ಇದಕ್ಕೇ. ಎಲೆಯ ಅಡಿ ಬೂದಿ ಬಣ್ಣ, ಉಜ್ಜಿದರೆ ಮೂಗಿಗೆ ಹೊಡೆಯುವ ವಾಸನೆ. ಎರಡು ಹಿಡಿ ಸೊಪ್ಪು ಕತ್ತರಿಸಿ, ಒಂದು ಹಿಡಿ ತೆಂಗಿನತುರಿ, ಹೆಚ್ಚಿದ ನಿಂಬೆಹಣ್ಣು, ಸ್ವಲ್ಪ ಅರಶಿನ, ಒಂದು ಮುಷ್ಟಿ ಕಲ್ಲುಪ್ಪು ಸೇರಿಸಿ ಅದೇ ಎಣ್ಣೆಯಲ್ಲಿ ಹುರಿಯಬೇಕು. ತುರಿ ಕೆಂಪಾಗುವಾಗ ಇಳಿಸಿ ಹಳೆ ಹತ್ತಿ ಸೀರೆಯ ತುಂಡಿನಲ್ಲಿ ಗಂಟು ಕಟ್ಟಬೇಕು. ಮೊದಲು ಅಂಗೈ ಹಿಂಭಾಗಕ್ಕೆ ತಾಗಿಸಿ ಬಿಸಿ ನೋಡಿಕೊಂಡು, ಆಮೇಲೆ ಮೊಣಕಾಲಿಗೆ ಒತ್ತಿ ಒತ್ತಿ ತೆಗೆಯುವುದು. ಆರಿದರೆ ಬಾಣಲೆಯಲ್ಲಿ ಮತ್ತೆ ಬಿಸಿ ಮಾಡಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೆ ಎರಡು ಸಲ ಮಾಡುತ್ತೇನೆ. ಸಕ್ಕರೆ ಕಾಯಿಲೆಯಿಂದ ಕಾಲಿನ ಸ್ಪರ್ಶ ಮಂದವಾದವರು ಮಾತ್ರ ಇದನ್ನು ಮಾಡಲೇಬೇಡಿ, ಸುಟ್ಟದ್ದೇ ಗೊತ್ತಾಗುವುದಿಲ್ಲ. ಮೊಣಕಾಲು ಕೆಂಪಗೆ ಊದಿ ಮುಟ್ಟಿದರೆ ಬಿಸಿ ಇದ್ದಾಗಲೂ ಕಾವು ಬೇಡ, ತಿಕ್ಕುವುದೂ ಬೇಡ. ಜೊತೆಗೆ ಜ್ವರ ಇದ್ದರೆ ಅವತ್ತೇ ಡಾಕ್ಟರ ಹತ್ತಿರ ಹೋಗಿ.

ಅರಶಿನದ ಬಗ್ಗೆ ಎಲ್ಲರೂ ಕೇಳುತ್ತಾರೆ. ಎರಡು ವರ್ಷ ಹಾಲಿಗೆ ಅರಶಿನ, ಕಾಳುಮೆಣಸು ಹಾಕಿ ಕುಡಿದೆ. ಗಂಟಲಿಗೆ ಒಳ್ಳೆಯದಾಯಿತು, ಮೊಣಕಾಲಿಗೆ ವ್ಯತ್ಯಾಸ ಕಾಣಲಿಲ್ಲ. ಆಮೇಲೆ ಕಾರಣ ಗೊತ್ತಾಯಿತು. ಅರಶಿನದಲ್ಲಿ ನೋವಿಗೆ ಕೆಲಸ ಮಾಡುತ್ತದೆ ಅನ್ನುವ ಅಂಶ ಕರ್ಕ್ಯುಮಿನ್, ಅದು ಇರುವುದು ನೂರಕ್ಕೆ ಮೂರು ಪಾಲಿನ ಆಸುಪಾಸು. ಒಂದು ಚಮಚ ಪುಡಿಯಲ್ಲಿ 100 ಮಿ.ಗ್ರಾಂ. ಸಿಕ್ಕಿದರೆ ಹೆಚ್ಚು. ಮೊಣಕಾಲು ನೋವಿಗೆ ಗುಣ ಕಂಡ ಪರೀಕ್ಷೆಗಳಲ್ಲಿ ದಿನಕ್ಕೆ 1000 ಮಿ.ಗ್ರಾಂ. ಆಸುಪಾಸು ಕೊಟ್ಟಿದ್ದಾರೆ. ಅಷ್ಟಕ್ಕೆ ಕ್ಯಾಪ್ಸೂಲೇ ಬೇಕು. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು ಕೇಳದೆ ತೆಗೆದುಕೊಳ್ಳಬಾರದು, ಲಿವರಿಗೆ ತೊಂದರೆಯಾದವರೂ ಇದ್ದಾರೆ. ನಾನು ಕ್ಯಾಪ್ಸೂಲಿಗೆ ಹೋಗಲಿಲ್ಲ. ಆಟಿ ಅಮಾವಾಸ್ಯೆಯ ಹಾಲೆ ಮರದ ಕಷಾಯ ಪ್ರತಿ ವರ್ಷ ಕುಡಿಯುತ್ತೇನೆ, ಮೇಲೆ ಮೆಂತೆ ಗಂಜಿ ಉಣ್ಣುತ್ತೇನೆ. ಅದು ನಮ್ಮ ಸಂಪ್ರದಾಯ, ಅದನ್ನು ಮೊಣಕಾಲಿನ ಲೆಕ್ಕಕ್ಕೆ ಸೇರಿಸುವುದಿಲ್ಲ. ಮರ ಗುರುತಿಸಲು ಬರುವವರೇ ತೊಗಟೆ ತರಬೇಕು, ಅಷ್ಟೇ.

ಎಣ್ಣೆಯ ಪಾಲೆಷ್ಟು ಅಂತ ನನಗೆ ತಿಳಿದದ್ದು ಎರಡು ಸಲ ಕ್ರಮ ತಪ್ಪಿದಾಗ. 2021ರ ಮೇ ತಿಂಗಳ ಲಾಕ್‌ಡೌನ್‌ನಲ್ಲಿ ಎಣ್ಣೆ ಮುಗಿಯಿತು, ಐದು ವಾರ ಸಿಗಲಿಲ್ಲ. ರಾತ್ರಿ ಕಾಲು ಬಿಗಿಯುತ್ತಿತ್ತು, ಎರಡು ಸಲ ಎಚ್ಚರವಾಗುತ್ತಿತ್ತು. ಆದರೆ ಹಗಲು ನಡೆಯಲು ತೊಂದರೆ ಆಗಲಿಲ್ಲ. 2022ರಲ್ಲಿ ಮಗಳ ಮದುವೆ. ಎಣ್ಣೆ ತಪ್ಪಿಸಲಿಲ್ಲ, ತೊಡೆಯ ಬಲಕ್ಕೆ ದಿನಾ ಮಾಡುತ್ತಿದ್ದ ವ್ಯಾಯಾಮ ಎರಡು ತಿಂಗಳು ಬಿಟ್ಟೆ. ಮದುವೆಯ ಮರುದಿನ ಮೆಟ್ಟಿಲಲ್ಲಿ ಕಾಲು ಕುಸಿಯಿತು. ಕೈಯಲ್ಲಿ ಕಂಬ ಸಿಕ್ಕಿದ್ದಕ್ಕೆ ಬೀಳಲಿಲ್ಲ. ಅಲ್ಲಿಗೆ ನನಗೆ ಉತ್ತರ ಸಿಕ್ಕಿತು. ನಿದ್ದೆ ಕೊಟ್ಟದ್ದು ಎಣ್ಣೆ, ನಡೆಸಿದ್ದು ತೊಡೆಯ ಬಲ.

ಆ ವ್ಯಾಯಾಮ ಕಲಿಸಿದ್ದು ಮಣಿಪಾಲದಲ್ಲಿ ಫಿಸಿಯೋಥೆರಪಿ ಮಾಡುವ ಒಬ್ಬ ಹುಡುಗಿ. ಕಾಲು ಚಾಚಿ ಕೂತು ಮೊಣಕಾಲಿನ ಅಡಿಗೆ ಸುತ್ತಿದ ಟವೆಲ್ ಇಟ್ಟು, ಅದನ್ನು ಕೆಳಗೆ ಒತ್ತಿ ಹತ್ತು ಎಣಿಸುವುದು. ಆಮೇಲೆ ಮಲಗಿ ಕಾಲನ್ನು ನೆಟ್ಟಗೆ ಒಂದಡಿ ಎತ್ತಿ ಹಿಡಿಯುವುದು. ಹದಿನೈದು ಸಲ, ದಿನಕ್ಕೆ ಎರಡು ಹೊತ್ತು. ಮೊದಲು ನೋವಿಗೆ ನಾಲ್ಕು ಸಲವೂ ಆಗುತ್ತಿರಲಿಲ್ಲ. ಎಣ್ಣೆ ಹಚ್ಚಿ ಕಾವು ಕೊಟ್ಟ ಮೇಲೆ ಕಾಲು ಸಡಿಲವಾಗುತ್ತಿತ್ತಲ್ವಾ, ಆ ಹೊತ್ತಿನಲ್ಲೇ ಮಾಡಿಸಿದಳು. "ಆಂಟಿ, ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು" ಅಂತ ಅವಳು ಹೇಳಿದ್ದು ಈಗಲೂ ದಿನಕ್ಕೆ ಹತ್ತು ಸಲ ನೆನಪಾಗುತ್ತದೆ. ಅವಳು ವ್ಯಾಯಾಮ ಕಲಿಸಿದ ವರ್ಷವೇ ಕಾಲಲ್ಲಿ ತುಳಿಯುವ ಮಷೀನಿಗೆ ಮೋಟರ್ ಹಾಕಿಸಿದೆ.

ತೂಕ 71 ಇದ್ದದ್ದು 65ಕ್ಕೆ ಬಂದಿದೆ. ಸಂಜೆಯ ಬನ್ಸ್, ಗೋಳಿಬಜೆ ಬಿಟ್ಟೆ, ರಾತ್ರಿ ಕುಚ್ಚಲಕ್ಕಿ ಗಂಜಿ ಒಂದೇ ಬಟ್ಟಲು. ಮೈಯಲ್ಲಿ ಒಂದು ಕೆ.ಜಿ. ಇಳಿದರೆ ಹೆಜ್ಜೆ ಹೆಜ್ಜೆಗೆ ಮೊಣಕಾಲಿನ ಮೇಲೆ ಬೀಳುವ ಭಾರ ಸುಮಾರು ನಾಲ್ಕು ಕೆ.ಜಿ. ಕಮ್ಮಿಯಾಗುತ್ತದೆ. ಆರು ಕೆ.ಜಿ.ಗೆ 24 ಆಯಿತು. ಒಂದು ಅಕ್ಕಿ ಮೂಟೆ ಹೊತ್ತುಕೊಂಡು ನಡೆಯುತ್ತಿದ್ದೆ ಅಂತ ಆಗ ಅರ್ಥವಾಯಿತು.

ಇಂಗ್ಲಿಷ್ ಮದ್ದು ಬಿಟ್ಟಿದ್ದೀರಾ ಅಂತ ಕೇಳಿದರೆ, ಇಲ್ಲ. ಮೊದಲು ವಾರಕ್ಕೆ ಐದು ನೋವಿನ ಮಾತ್ರೆ ಬೇಕಿತ್ತು, ಈಗ ತಿಂಗಳಿಗೆ ಮೂರು ನಾಲ್ಕು. ಅದೂ ಡಾಕ್ಟರು ಹೇಳಿದ್ದನ್ನೇ, ಊಟದ ಮೇಲೆ. ನೋವಿನ ಮಾತ್ರೆ ಜಾಸ್ತಿಯಾದರೆ ಹೊಟ್ಟೆ, ಕಿಡ್ನಿಗೆ ಕಷ್ಟ, ಹಾಗಾಗಿ ಈ ಇಳಿಕೆ ನನಗೆ ದೊಡ್ಡದು.

ಎಣ್ಣೆಗೆ ಐದರಲ್ಲಿ ಮೂರೂವರೆ ಕೊಡುತ್ತೇನೆ. ಲಕ್ಕಿ ಸೊಪ್ಪಿನ ಕಾವಿಗೆ ನಾಲ್ಕು. ಕೊಳ್ಳುವಾಗ ಲೇಬಲ್ಲಿನಲ್ಲಿ ತಯಾರಕರ ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಪದಾರ್ಥಗಳ ಪಟ್ಟಿ ನೋಡಿ, ಇಲ್ಲದಿದ್ದರೆ ವಾಪಸ್ ಕೊಡಿ. ಕಳೆದ ವಾರ ಪಕ್ಕದ ಮನೆ ಅಕ್ಕ ನನ್ನ ಬಾಟಲಿ ಕೇಳಿಕೊಂಡು ಬಂದರು. ಅವರ ಎರಡೂ ಕೈಯ ಬೆರಳಗಂಟು ಊದಿತ್ತು, ಬೆಳಿಗ್ಗೆ ಒಂದು ಗಂಟೆ ಮಡಚಲು ಆಗುವುದಿಲ್ಲವಂತೆ. ಅದು ನನ್ನ ಹಾಗೆ ಪೆಟ್ಟಿನದ್ದಲ್ಲ ಅನ್ನಿಸಿತು. ಎಣ್ಣೆ ಕೊಡಲಿಲ್ಲ. ಸೋಮವಾರ ಅಂಗಡಿಗೆ ಬೀಗ ಹಾಕಿ ಅವರನ್ನು ರಕ್ತ ಪರೀಕ್ಷೆಗೆ ಕರೆದುಕೊಂಡು ಹೋಗುತ್ತಿದ್ದೇನೆ.