ರಜೆಗೆ ಅಣ್ಣ-ತಮ್ಮಂದಿರ ಜಗಳದ ಸಿನಿಮಾ: ‘ಹೋಮ್ ಅಲೋನ್’ ನೋಡೋದಾ, ‘ಫ್ರೆಡ್ ಕ್ಲಾಸ್’ ನೋಡೋದಾ?

ಕ್ರಿಸ್‌ಮಸ್ ರಜೆಗೆ ತೀರ್ಥಹಳ್ಳಿಯ ಮನೆಗೆ ಅಕ್ಕ, ಭಾವ, ಮಕ್ಕಳೆಲ್ಲ ಬರುತ್ತಾರೆ, ಒಟ್ಟಿಗೆ ಕೂತು ನೋಡಲು ಈ ಎರಡರಲ್ಲಿ ಯಾವುದು ಎಂದು ಕೇಳಿದ್ದೀರಿ.

ಮೊದಲು ಮಕ್ಕಳ ವಯಸ್ಸು ನೋಡಿ. ಚಿಕ್ಕವರೇ ಜಾಸ್ತಿ ಇದ್ದರೆ 1990ರ ‘ಹೋಮ್ ಅಲೋನ್’ ಹಾಕಿ, ಮನೆಯಲ್ಲಿ ಒಬ್ಬನೇ ಉಳಿದ ಹುಡುಗ ಕಳ್ಳರಿಗೆ ಬಲೆ ಒಡ್ಡುವ ಕಥೆ. ಇಂಗ್ಲಿಷ್ ಬರದಿದ್ದರೂ ತೊಂದರೆ ಇಲ್ಲ. ಮೆಟ್ಟಿಲ ಮೇಲಿಂದ ತೂಗಿ ಬಂದ ಪೇಂಟ್ ಡಬ್ಬ ಕಳ್ಳನ ಮುಖಕ್ಕೆ ಬಡಿದರೆ ನಗಲು ಭಾಷೆ ಯಾಕೆ ಬೇಕು? ಇದನ್ನೆಲ್ಲ ಮನೆಯಲ್ಲಿ ಮಾಡಬಾರದು ಅಂತ ಮಾತ್ರ ಮೊದಲೇ ಹೇಳಿಬಿಡಿ.

ಆದರೆ ಒಡಹುಟ್ಟಿದವರ ಜಗಳವೇ ಬೇಕು ಅಂದರೆ ಅದರಲ್ಲಿ ಸಿಗುವುದು ಕಡಿಮೆ. ಅಣ್ಣ ಬಝ್ ತಮ್ಮನ ಪಿಜ್ಜಾ ತಿಂದು ಕೆಣಕುತ್ತಾನೆ, ಆಮೇಲೆ ಆ ತಮ್ಮನನ್ನು ಮರೆತು ಮನೆಯವರೆಲ್ಲ ಪ್ಯಾರಿಸ್‌ಗೆ ಹೋಗಿಬಿಡುತ್ತಾರೆ. 2007ರ ‘ಫ್ರೆಡ್ ಕ್ಲಾಸ್’ ಇಡೀ ನಿಂತಿರುವುದೇ ಆ ಹೊಟ್ಟೆಕಿಚ್ಚಿನ ಮೇಲೆ. ತಮ್ಮ ಸಾಕ್ಷಾತ್ ಸಾಂತಾಕ್ಲಾಸ್. ಅಣ್ಣ ಫ್ರೆಡ್‌ಗೆ ಅಮ್ಮನಿಂದ ಸದಾ ‘ತಮ್ಮನ ಥರ ಇರಬಾರದಾ’ ಅನ್ನುವ ಮಾತು. ನಮ್ಮ ಮನೆಗಳಲ್ಲೂ ಕೇಳಿದ್ದೇ ಅಲ್ವಾ? ಹೆಸರುವಾಸಿ ಅಣ್ಣಂದಿರ ನೆರಳಲ್ಲಿ ಬೆಳೆದವರ ಸಭೆಯೊಂದು ಬರುತ್ತದೆ. ಹಾಲಿವುಡ್ ನಟ ಸಿಲ್ವೆಸ್ಟರ್ ಸ್ಟಲೋನ್ ಅವರ ತಮ್ಮ ಫ್ರಾಂಕ್, ಅಮೆರಿಕದ ಮಾಜಿ ಅಧ್ಯಕ್ಷ ಬಿಲ್ ಕ್ಲಿಂಟನ್ ಅವರ ತಮ್ಮ ರೋಜರ್ ಅಲ್ಲಿ ತಾವಾಗಿಯೇ ನಟಿಸಿದ್ದಾರೆ. ನನಗೆ ತುಂಬಾ ಹಿಡಿಸಿದ ದೃಶ್ಯ ಅದು.

ಉದ್ದದಲ್ಲಿ ‘ಹೋಮ್ ಅಲೋನ್’ 103 ನಿಮಿಷ, ‘ಫ್ರೆಡ್’ ಹತ್ತಿರ ಹತ್ತಿರ 2 ಗಂಟೆ, ನಡುವೆ ಸ್ವಲ್ಪ ಎಳೆಯುತ್ತದೆ.

ಜಗಲಿಯಲ್ಲಿ ಅಡಿಕೆ ಸುಲಿಯುತ್ತಾ ಆಗಾಗ ತಲೆ ಎತ್ತಿ ನೋಡುವುದಾದರೆ ‘ಹೋಮ್ ಅಲೋನ್’ ಸಾಕು. ಮಕ್ಕಳು ಮಲಗಿದ ಮೇಲೆ ನೀವು ದೊಡ್ಡವರು ಮಾತ್ರ ಕೂತರೆ ‘ಫ್ರೆಡ್ ಕ್ಲಾಸ್’ ಹಾಕಿ.